‘ರೀ’ ಇಲ್ಲದ ಆರು ವರ್ಷ

ಕೃಷ್ಣಾ ನದಿಯ ದಂಡೆಯ ವಾಯಿ ಊರಿನ ಗದ್ರೆಯವರ ಮನೆಯಲ್ಲಿ ಚಹಾ ಆರುತ್ತಿದೆ ಎಂಬ ಸುದ್ದಿ ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಾದರೆ ನಾಶಿಕಕ್ಕೆ ಹೋಗಿ ಬರಬೇಕು. ನಡುವೆ ಇರುವುದು ಒಂದು ಹೊಸ್ತಿಲು, ಹೆಚ್ಚೆಂದರೆ ಹನ್ನೊಂದು ಹೆಜ್ಜೆ. ಆದರೂ ಕುಮುದಿನಿ ಒಲೆಯ ಮುಂದೆ ನಿಂತು ಫೋನು ಹಚ್ಚುತ್ತಾಳೆ. ನಾಶಿಕದಲ್ಲಿ ಮಗಳು ಶರಯೂ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಫೋನು ಎತ್ತುತ್ತಾಳೆ.

“ಚಹಾ ಆರ್ಲಿಕತ್ತದ ಅಂತ ನಿಮ್ಮ ಬಾಬಾಗ ಹೇಳು.”

“ಆಯಿ, ಬಾಬಾ ಅಲ್ಲೇ ಕೂತಿರ್ತಾರಲ್ಲ. ನೀನ ಹೇಳು.”

“ನಾ ಹೇಳಿದ್ರ ಏನರೆ ತಪ್ಪಾಗ್ತದ. ನೀ ಹೇಳು.”

ಅರ್ಧ ನಿಮಿಷಕ್ಕೆ ಪಡಸಾಲೆಯಲ್ಲಿ ಅಚ್ಯುತರಾವ್ ಅವರ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. “ಬಾಬಾ, ಚಹಾ ಆರ್ಲಿಕತ್ತದಂತ.” “ಗೊತ್ತಾತು ಅಂತ ನಿಮ್ಮ ಆಯಿಗೆ ಹೇಳು.” “ನಾ ಏನು ಟಪಾಲಿನಾಕಿ ಏನು,” ಎಂದು ಮಗಳು ಫೋನು ಇಡುತ್ತಾಳೆ. ಅಚ್ಯುತರಾವ್ ಎದ್ದು ಹೋಗಿ ಆರಿದ ಚಹಾ ಕುಡಿಯುತ್ತಾರೆ.

ನಗಬೇಕು ಅನಿಸಿದರೆ ನಗಬಹುದು. ಆ ವಾಡೆಯಲ್ಲಿ ನಡುವಿನ ಅಂಗಳದ ಸುತ್ತ ಐದು ಬಾಡಿಗೆ ಸಂಸಾರಗಳಿವೆ, ಐದಕ್ಕೂ ಇದು ಗೊತ್ತು, ಐದೂ ನಕ್ಕು ಮುಗಿಸಿವೆ. ಮೊದಲ ವರ್ಷ ಅಚ್ಯುತರಾವ್ ತಾವೇ ನಗುತ್ತಿದ್ದರು. ಮನೆಯಲ್ಲಿ ಎಷ್ಟು ಶಾಂತಿ ನೋಡ್ರಿ, ಪೇಪರು ಮೊದಲನೇ ಪುಟದಿಂದ ಕಡೇ ಪುಟದ ತನಕ ಓದಬಹುದು ಎಂದು ಕಟ್ಟೆಯ ಮೇಲೆ ಕೂತು ಜಂಭ ಕೊಚ್ಚುತ್ತಿದ್ದರು. ಈಗ ಆರು ವರ್ಷ. ಈಗ ಆ ಶಾಂತಿ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ತಪ್ಪು ಅವರದೇ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಹೇಳಲಿಕ್ಕೆ ಆರು ವರ್ಷ ತೆಗೆದುಕೊಂಡರು.

ಅಚ್ಯುತರಾವ್ ಜೀವಮಾನವೆಲ್ಲ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿದವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವರ ಅನ್ನ. ಕಣ್ಣು ಎಷ್ಟು ಚುರುಕೆಂದರೆ ಮದುವೆ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಿಥಿ ವಾರಗಳ ತಾಳೆ ನೋಡುವರು. ಅಚ್ಚುಕೂಟದ ಯಜಮಾನರು ಅವರನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಅದೇ ಕಣ್ಣನ್ನು ಸಂಜೆ ಮನೆಗೆ ಬರುವಾಗ ಕಳಚಿಟ್ಟು ಬರಬೇಕೆಂದು ಯಾರೂ ಅವರಿಗೆ ಹೇಳಿಕೊಡಲಿಲ್ಲ.

ಶರಯೂಳ ಮದುವೆಯ ದಿನ ಊಟದ ಪಂಕ್ತಿಯಲ್ಲಿ ಹೆಂಗಸರು ಕುಮುದಿನಿಯನ್ನು ಹಿಡಿದರು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಒಡಪು ಕಟ್ಟಿ, ಎರಡು ಸಾಲು ಪ್ರಾಸ ಹಾಕಿ, ಅದರ ಕೊನೆಗೆ ಹೆಸರು ಇಳಿಸಬೇಕು. ಹೆಂಗಸು ವರ್ಷಕ್ಕೆ ಎರಡೋ ಮೂರೋ ಸಲ ಗಂಡನ ಹೆಸರನ್ನು ನಾಲಗೆಯ ಮೇಲೆ ತರುವುದು ಹೀಗೆ, ಅಷ್ಟೇ. ಕುಮುದಿನಿ ಸಾಮಾನ್ಯಳಲ್ಲ. ವಾಡೆಯ ಸೊಸೆಯಂದಿರೆಲ್ಲ ಅವಳಿಂದಲೇ ಒಡಪು ಕಟ್ಟಿಸಿಕೊಂಡು ಹೋಗುತ್ತಿದ್ದರು. ಮಗಳ ಮದುವೆಗೆಂದು ಅವಳು ಒಂದು ತಿಂಗಳು ಗುಟ್ಟಾಗಿ, ಅಕ್ಕಿ ಆರಿಸುತ್ತ, ಬಟ್ಟೆ ಹಿಂಡುತ್ತ, ಒಂದು ಹೊಸದನ್ನು ಕಟ್ಟಿದ್ದಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡು ಶುರು ಮಾಡಿದಳು.

“ಕೃಷ್ಣಾಬಾಯಿ ದಂಡೀ ಮ್ಯಾಲೆ ಬೆಳದಿಂಗಳ ಹಾಲು,
ಮೂವತ್ತು ವರ್ಷ ಹಂಚಿಕೊಂಡೀವಿ ಸಿಹಿ-ಕಹಿ ಪಾಲು…”

“ಇಪ್ಪತ್ತೊಂಬತ್ತು,” ಎಂದರು ಎದುರು ಪಂಕ್ತಿಯಿಂದ ಅಚ್ಯುತರಾವ್. “ಮೂವತ್ತು ಆಗೋದು ಬರೋ ವೈಶಾಖಕ್ಕ.”

ಮಂಟಪವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರೂ ನಕ್ಕರು. ಕುಮುದಿನಿಯೂ ಸ್ವಲ್ಪ ನಕ್ಕು ಕೂತುಬಿಟ್ಟಳು. ಹೆಸರು ಬಾಯಲ್ಲೇ ಉಳಿಯಿತು. ಅವಳು ಹೆಸರು ಹೇಳಲೇ ಇಲ್ಲ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಮರುದಿನ ಬೆಳಿಗ್ಗೆ, ಮಗಳನ್ನು ಕಳಿಸಿಕೊಟ್ಟ ಮನೆಯಲ್ಲಿ ಅವಳು ಬಾಡಿದ ತೋರಣ ಬಿಚ್ಚುತ್ತಿದ್ದಾಗ, ಈ ಮಹಾಶಯರು ಹಳೆಯ ಪಂಚಾಂಗ ಹುಡುಕಿ ತೆಗೆದು ಅವಳ ಮುಂದೆ ಹಿಡಿದು ಇಪ್ಪತ್ತೊಂಬತ್ತನ್ನು ಸಾಬೀತು ಮಾಡಿದರು. ಕುಮುದಿನಿ ಪಂಚಾಂಗವನ್ನು ನೋಡಿದಳು, ಅವರನ್ನು ನೋಡಿದಳು.

“ಸರಿ,” ಎಂದಳು. “ಇನ್ನ ಮ್ಯಾಲೆ ನಾ ತಪ್ಪು ಮಾತಾಡೂದಿಲ್ಲ.”

ಅದೇ ಕೊನೆ. ಅಡುಗೆ ನಿಲ್ಲಲಿಲ್ಲ, ಆರೈಕೆ ನಿಲ್ಲಲಿಲ್ಲ. ಅವರಿಗೆ ಜ್ವರ ಬಂದಾಗ ಮೂರು ದಿನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ನಿಜವಾಗಿ ಮೂವತ್ತು ತುಂಬಿದ ವೈಶಾಖದ ದಿನ ಶ್ರೀಖಂಡ ಮಾಡಿ ಬಟ್ಟಲು ತಂದಿಟ್ಟು ಹೋದಳು. ಸಂಕ್ರಾಂತಿಗೆ ವಾಡೆಯ ಎಲ್ಲರಿಗೂ ಎಳ್ಳುಬೆಲ್ಲ ಕೊಟ್ಟು ಸಿಹಿ ಮಾತಾಡಿರೆಂದು ಹೇಳಿ ಬರುತ್ತಾಳೆ, ಇವರ ಪಾಲನ್ನು ವಾಟಿಯಲ್ಲಿ ಹಾಕಿ ಪೇಪರಿನ ಮೇಲೆ ಇಡುತ್ತಾಳೆ. ಕೈ ಎಲ್ಲವನ್ನೂ ಮಾಡುತ್ತದೆ, ಬಾಯಿ ಮಾತ್ರ ಇವರ ಕಡೆಗೆ ತೆರೆಯುವುದಿಲ್ಲ. ಒಡಪು ಕಟ್ಟುವುದನ್ನೂ ಬಿಟ್ಟಳು. ಯಾರಾದರೂ ಹೆಸರು ಹೇಳು ಎಂದರೆ ಗಂಟಲು ಸರಿಯಿಲ್ಲ ಅನ್ನುತ್ತಾಳೆ.

ಅಚ್ಯುತರಾವ್ ಹಂಬಲಿಸುತ್ತಿದ್ದದ್ದು ತಮ್ಮ ಹೆಸರಿಗಲ್ಲ, ಒಡಪಿಗೂ ಅಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ‘ರೀ’.

ಇಪ್ಪತ್ತೊಂಬತ್ತು ವರ್ಷ ಆ ಮನೆಯಲ್ಲಿ ‘ರೀ’ ಎಂಬುದು ನಲ್ಲಿಯ ನೀರಿನಂತೆ ಬರುತ್ತಿತ್ತು. ಬೆಳಗಿನ ‘ರೀ’ ಅಂದರೆ ಹಾಲಿನವನು ಬಂದ. ಬಚ್ಚಲಿನಿಂದ ಬರುವ ‘ರೀ’ ಅಂದರೆ ಟವೆಲು. ಬಂದ ನೆಂಟರ ಮುಂದೆ ಮೆಲ್ಲಗೆ ಎಳೆದ ‘ರೀ’ ಅಂದರೆ ಸಾಕು ಸುಮ್ಮನಿರಿ, ಆ ವಿಷಯ ಬೇಡ. ಸಂತೆಯಲ್ಲಿ ಹಿಂದಿನಿಂದ ಬರುವ ‘ರೀ’ ಅಂದರೆ ನಿಮ್ಮ ಕಾಲಿಗೆ ಚಕ್ರ ಕಟ್ಟಿದೆಯಾ, ನಾನೂ ಇದ್ದೇನೆ. ಅವರಪ್ಪ ತೀರಿಕೊಂಡ ದಿನ ಬಾಗಿಲ ಹತ್ತಿರ ನಿಂತು ಅವಳು ಅಂದದ್ದೂ ‘ರೀ’ ಅಷ್ಟೇ. ಅವರಿಗೆ ಆಗಲೇ ಎಲ್ಲ ತಿಳಿದುಹೋಗಿತ್ತು. ಯಾವ ಅಚ್ಚಿನ ಮೊಳೆಯಲ್ಲೂ ಇಳಿಯದ ಈ ಶಬ್ದವನ್ನು ಅವರು ಇದ್ದಾಗ ಕಿವಿಗೇ ಹಾಕಿಕೊಂಡಿರಲಿಲ್ಲ. ಹೋದ ಮೇಲೆ ಎಣಿಸತೊಡಗಿದರು. ಆ ಒಂದು ಶಬ್ದ ಇಲ್ಲದ ಮೇಲೆ ತಾವು ಯಾರ ಗಂಡ, ಈ ಮನೆಯಲ್ಲಿ ತಾವು ಯಾರು ಎಂಬುದೇ ಅವರಿಗೆ ಅನುಮಾನವಾಗುತ್ತಿತ್ತು. ಕೆಲವು ಮಧ್ಯಾಹ್ನ ಸುಮ್ಮನೆ ಕೂತು ಅವರಿಗೆ ಅಳು ಬರುತ್ತಿತ್ತು. ಅಳುತ್ತಿದ್ದರು ಕೂಡ.

ಹೋಗಿ ತಪ್ಪಾಯಿತು ಎನ್ನಬಾರದಿತ್ತೇ ಎಂದು ಕೇಳುತ್ತೀರಿ. ಹಾಗೆ ಅನ್ನುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ತಪ್ಪು ಎಂಬ ಮಾತು ಅಲ್ಲಿ ಯಾವಾಗಲೂ ಅವರ ಕಡೆಯಿಂದ ಅವಳ ಕಡೆಗೆ ಹೋಗುತ್ತಿತ್ತು, ತಿರುಗಿ ಬರುವ ದಾರಿ ಅದಕ್ಕೆ ಗೊತ್ತಿರಲಿಲ್ಲ. ಎರಡು ಸಲ ಅಡುಗೆಮನೆಯ ಬಾಗಿಲ ತನಕ ಹೋಗಿದ್ದರು. ಒಮ್ಮೆ ಉಪ್ಪು ಕೇಳಿ ವಾಪಸಾದರು. ಇನ್ನೊಮ್ಮೆ ಕಿಟಕಿಯ ಚಿಲಕ ನೋಡಿ, ಸಡಿಲಾಗಿದೆ ಎಂದು ಹೇಳಿ ಬಂದರು.

ಈ ಮಾಘದಲ್ಲಿ ಅಂಗಳದ ಆಚೆ ಬದಿಯ ನಲೂ ವೈನಿಯ ಮಗನ ಮದುವೆ ಗೊತ್ತಾಯಿತು. ನಲೂ ವೈನಿ ಬಾಯಿಬಡಕಿ, ಆದರೆ ಕರುಳಿನವಳು. ಅಕ್ಷತೆ ಕೊಡಲು ಬಂದವಳು ಪಡಸಾಲೆಯಲ್ಲಿ ಕೂತು, ಒಳಗೂ ಹೊರಗೂ ಕೇಳುವಂತೆ ಸಾರಿದಳು.

“ಈ ಸರ್ತಿ ಗಂಡಸರೂ ಹೆಸರು ಹೇಳಬೇಕು ಭಾವೂಜಿ. ಬರೇ ಹೆಂಗಸರ ಬಾಯಿ ಬಿಡಸ್ತೀರಿ, ನೀವು ಜಿಲೇಬಿ ತಿಂದು ಕೈ ತೊಳಕೋತೀರಿ. ನಡಿಯೂದಿಲ್ಲ. ನಮ್ಮ ಮೈದುನ ಬಂಡೂ ಒಬ್ಬೊಬ್ಬರನ್ನ ಹಿಡದು ನಿಲ್ಲಸ್ತಾನ.”

“ನನಗೆಲ್ಲಿ ಬರ್ತದ ವೈನಿ,” ಎಂದರು ಅಚ್ಯುತರಾವ್.

“ತಿದ್ದಲಿಕ್ಕೆ ಬರ್ತದ, ಕಟ್ಟಲಿಕ್ಕೆ ಬರೂದಿಲ್ಲೇನು?” ಎಂದು ಚುಚ್ಚಿ ಅವಳು ಎದ್ದಳು.

ಒಳಗೆ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಚ್ಯುತರಾವ್ ಅದನ್ನು ಕೇಳಿಸಿಕೊಂಡರು. ಆ ಮಧ್ಯಾಹ್ನವೇ ಒಂದು ಹಾಳೆ ತೆಗೆದುಕೊಂಡು ಕೂತರು. ಇದಕ್ಕಿಂತ ಒಳ್ಳೆಯ ದಾರಿ ಸಿಗಲಾರದು ಎನಿಸಿತು ಅವರಿಗೆ. ಯಾವ ಪಂಕ್ತಿಯಲ್ಲಿ ಅವಳ ಬಾಯಿ ಕಟ್ಟಿಹೋಗಿತ್ತೋ ಅಂಥದೇ ಪಂಕ್ತಿಯಲ್ಲಿ ಎದ್ದು ನಿಂತು, ಎಲ್ಲರೆದುರು, ಅವಳ ಹೆಸರನ್ನು ಹೇಳಿಬಿಡುವುದು. ತಪ್ಪಾಯಿತು ಎಂಬುದನ್ನು ಒಡಪಿನೊಳಗೇ ಸುತ್ತಿ ಕೊಡುವುದು. ಆಮೇಲೆ ಮನೆಗೆ ಹೋದ ಮೇಲೆ, ಚಪ್ಪಲಿ ಬಿಡುವಾಗಲೋ ದೀಪ ಹಚ್ಚುವಾಗಲೋ, ಒಂದು ‘ರೀ’ ಬಂದೀತು.

ಹನ್ನೆರಡು ದಿನ ಬರೆದರು. ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ಒಂದು ಸಾಲು ಹುಟ್ಟುವ ಮೊದಲೇ ಅದರ ತಪ್ಪು ಕಾಣುತ್ತಿತ್ತು. ಒಂದು ತಿಂಗಳು ಬಟ್ಟೆ ಹಿಂಡುತ್ತ ಅವಳು ಆ ಒಡಪನ್ನು ಕಟ್ಟಿದ್ದಳಲ್ಲ ಎಂದು ಮೊದಲ ಸಲ ಅವರಿಗೆ ಅನಿಸಿದ್ದು ಆಗ. ಅಂತೂ ಕೊನೆಗೆ ಒಂದು ನಿಂತಿತು. ಅದನ್ನು ಕನ್ನಡಿಯ ಮುಂದೆ ಹೇಳಿಕೊಂಡರು. ‘ಕುಮುದಿನಿ’ ಎಂಬಲ್ಲಿ ಪ್ರತಿಸಲ ನಾಲಗೆ ತೊಡರಿತು. ಅವಳನ್ನು ಅವರು ಒಮ್ಮೆಯೂ ಹಾಗೆ ಕರೆದವರಲ್ಲ. ಅವರ ಪಾಲಿಗೆ ಅವಳು ‘ಏನ, ಕೇಳಿಸ್ತೇನು’ ಅಷ್ಟೇ ಆಗಿದ್ದಳು.

ಮದುವೆ ನದಿಯ ಘಾಟಿನ ಹತ್ತಿರದ ಮಂಗಲ ಕಾರ್ಯಾಲಯದಲ್ಲಿ. ಮುಹೂರ್ತ ಮುಗಿಯಿತು, ಎಲೆ ಹಾಕಿದರು, ಮಸಾಲೆ ಭಾತು ಬಂತು, ಜಿಲೇಬಿ ಬಂತು, ಲೋಟಗಳಲ್ಲಿ ಮಸಾಲೆ ಮಜ್ಜಿಗೆಯ ಮಠ್ಠಾ ಬಂತು. ಕುಮುದಿನಿ ಎದುರು ಪಂಕ್ತಿಯಲ್ಲಿ, ನಾಲ್ಕು ಎಲೆ ಆಚೆ, ಹಸಿರು ಸೀರೆ ಉಟ್ಟು ಕೂತಿದ್ದಳು. ಮದುಮಕ್ಕಳು ಒಬ್ಬರಿಗೊಬ್ಬರು ತುತ್ತು ಕೊಟ್ಟು ಹೆಸರು ಹೇಳಿದರು. ನಲೂ ವೈನಿಯ ಮೈದುನ ಬಂಡೂ ಸೊಂಟಕ್ಕೆ ಟವೆಲು ಬಿಗಿದು ಪಂಕ್ತಿಗಳ ನಡುವೆ ಓಡಾಡುತ್ತ ಹೆಂಗಸರನ್ನು ಎಬ್ಬಿಸಿದ, ಆಮೇಲೆ ಗಂಡಸರ ಕಡೆ ಬಂದ. ಒಬ್ಬ ಮಾವ ಎಮ್ಮೆಗೂ ತುಪ್ಪಕ್ಕೂ ಪ್ರಾಸ ಹೊಂದಿಸಿ ಹೆಂಡತಿಯಿಂದ ಬೈಸಿಕೊಂಡ. ನಗು ಇನ್ನೂ ಅಡಗಿರಲಿಲ್ಲ.

“ಈಗ ನಮ್ಮ ಗದ್ರೆ ಕಾಕಾ,” ಎಂದ ಬಂಡೂ. “ಕಾಕು, ನೀವು ಕಿವಿ ಈ ಕಡೆ ಇಡ್ರಿ.”

ಅಚ್ಯುತರಾವ್ ಎದ್ದರು. ಕಿಸೆಯಲ್ಲಿ ಚೀಟಿ ಇತ್ತು, ತೆಗೆಯಲಿಲ್ಲ. ಬಾಯಿಪಾಠವಾಗಿತ್ತಲ್ಲ. ಕುಮುದಿನಿ ತಲೆ ಎತ್ತಲಿಲ್ಲ, ಆದರೆ ಕಲಸುತ್ತಿದ್ದ ಕೈ ನಿಧಾನವಾಯಿತು.

“ಮೂವತ್ತೆಂಟು ವರ್ಷ ತಿದ್ದಿದೆ ಮಂದಿ ಬರೆದ ಹಾಳಿ…” ಎಂದು ಶುರುಮಾಡಿದರು.

ಅಷ್ಟರಲ್ಲಿ ಆ ಹಾಳು ಕಣ್ಣು ಎಚ್ಚರಾಯಿತು. ಸೇರಿದ್ದು ಆಷಾಢದಲ್ಲಿ, ಬಿಟ್ಟದ್ದು ಫಾಲ್ಗುಣದಲ್ಲಿ.

“ಅಂದ್ರ ಮೂವತ್ತೇಳು ವರ್ಷ ಎಂಟು ತಿಂಗಳು,” ಎಂದುಬಿಟ್ಟರು.

ಮಂಟಪ ಬಿದ್ದು ಬಿದ್ದು ನಕ್ಕಿತು. “ಕಾಕಾ, ತಿದ್ದುಪಡಿ ಆದ ಮ್ಯಾಲರೆ ಹೆಸರು ಬರ್ತದೋ ಇಲ್ಲೋ,” ಎಂದ ಬಂಡೂ. “ಇವರಿಗೆ ದೇವರು ಬಂದು ವರ ಕೊಟ್ಟರೂ ಮೊದಲು ಅದರಾಗ ತಪ್ಪು ತೆಗೀತಾರ,” ಎಂದರು ಯಾರೋ. ಅಚ್ಯುತರಾವ್ ಎರಡನೆಯ ಸಾಲು ಹುಡುಕಿದರು. ಸಿಗಲಿಲ್ಲ. ತಲೆಯೊಳಗೆ ಒರೆಸಿದ ಹಲಗೆ. ಎದುರು ನೋಡಿದರು. ಅಷ್ಟು ಜನರಲ್ಲಿ ನಗದೆ ಇದ್ದವಳು ಒಬ್ಬಳೇ. ಅವಳು ನೇರವಾಗಿ ಇವರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿತ್ತೋ ಮರುಕವಿತ್ತೋ ಅವರಿಗೆ ತಿಳಿಯಲಿಲ್ಲ, ತಿಳಿಯುವಷ್ಟು ಹೊತ್ತು ನೋಡುವ ಧೈರ್ಯ ಆಗಲಿಲ್ಲ. ಹೆಸರಾದರೂ ಹೇಳೋಣವೆಂದು ಬಾಯಿ ತೆರೆದರು. ‘ಕು’ ಎಂಬಲ್ಲಿಗೇ ನಿಂತಿತು.

ನಗೆಗೀಡಾಗಿ, ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೆ ಆಗ ಗೊತ್ತಾಯಿತು. ಆ ದಿನ ಅವಳು ನಗುತ್ತ ಕೂತಿದ್ದಳು. ಇವರಿಗೆ ಅದೂ ಆಗಲಿಲ್ಲ. ಎಲೆಯಲ್ಲಿ ಅನ್ನ ಹಾಗೇ ಇತ್ತು. ಎಲೆ ದಾಟಿ, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. “ಕಾಕಾ, ಚಾಷ್ಟಿ ಮಾಡಿದ್ವಿ, ಸಿಟ್ಟಾಗಬ್ಯಾಡ್ರಿ,” ಎಂದು ಬಂಡೂ ಬಾಗಿಲ ತನಕ ಬಂದ. ಅವರು ಕೈ ಆಡಿಸಿದರು. ಬೇರೆಯವರ ಮದುವೆಯ ಅನ್ನ ಅರ್ಧಕ್ಕೆ ಬಿಟ್ಟು ಬರಬಾರದು, ಅಪಚಾರ, ಅದೂ ಅವರಿಗೆ ಗೊತ್ತಿತ್ತು. ಆದರೆ ನಿಂತರೆ ಅಲ್ಲೇ ಅತ್ತುಬಿಡುತ್ತಿದ್ದರು.

ಹೊರಗೆ ಓಣಿಯಲ್ಲಿ ಮದುವೆಯ ಗಂಡಸರೇ ತುಂಬಿದ್ದರು. ಮೊದಲ ಪಂಕ್ತಿಯಲ್ಲಿ ಉಂಡವರು ಪಾನಿನಂಗಡಿಯ ಮುಂದೆ ಗುಂಪಾಗಿದ್ದರು, ಬ್ಯಾಂಡಿನವರು ತುತ್ತೂರಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ರಿಕ್ಷಾದವರು ಬಾಡಿಗೆ ಕಾಯುತ್ತಿದ್ದರು. ಕಾರ್ಯಾಲಯದ ಧ್ವನಿವರ್ಧಕದಲ್ಲಿ ಶಹನಾಯಿ. ಅಚ್ಯುತರಾವ್ ತಲೆ ತಗ್ಗಿಸಿ ಘಾಟಿನ ಕಡೆ ನಡೆದರು. ಮುಗಿಯಿತು ಅಂದುಕೊಂಡರು. ಇದ್ದದ್ದು ಒಂದು ದಾರಿ, ಅದನ್ನೂ ಕೈಯಾರೆ ಕೆಡಿಸಿಕೊಂಡೆ, ಇನ್ನು ಆ ಮನೆಯಲ್ಲಿ ಚಹಾ ನಾಶಿಕದಿಂದಲೇ ಬರುತ್ತಿರಲಿ.

“ರೀ…”

ಹಿಂದಿನಿಂದ ಯಾರೋ ಹೆಂಗಸು ಕರೆದಳು. ಪಾನಿನಂಗಡಿಯ ಮುಂದೆ ನಿಂತವರೆಲ್ಲ ಒಟ್ಟಿಗೆ ತಿರುಗಿದರು. ರಿಕ್ಷಾದವನು ಕತ್ತು ಹೊರಗೆ ಹಾಕಿದ. ಬ್ಯಾಂಡಿನ ಮುದುಕ, ಅವನ ಹೆಂಡತಿ ಇದ್ದದ್ದು ದೂರದ ಮೇಢಾ ಊರಿನಲ್ಲಿ, ಅವನೂ ತಿರುಗಿ ನೋಡಿದ. ಅಚ್ಯುತರಾವ್ ತಿರುಗಲಿಲ್ಲ. ಅದು ಅವರು ಕಷ್ಟಪಟ್ಟು ಕಲಿತ ವಿದ್ಯೆ. ಮೊದಮೊದಲು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಯಾವಳು ಯಾವನನ್ನು ಕರೆದರೂ ಅವರಿಗೆ ಅವಳ ದನಿಯೇ ಕೇಳುತ್ತಿತ್ತು, ತಿರುಗುತ್ತಿದ್ದರು, ಬೇರೆ ಯಾರದೋ ಹೆಂಡತಿಯ ಮುಖ ನೋಡಿ ನಾಚುತ್ತಿದ್ದರು. ಹಾಗೆ ತಿರುಗಿ ತಿರುಗಿ ಎದೆ ದಣಿದ ಮೇಲೆ ತಿರುಗುವುದನ್ನು ಬಿಟ್ಟಿದ್ದರು. ತಮ್ಮ ಕಿವಿಯನ್ನು ತಾವೇ ನಂಬುತ್ತಿರಲಿಲ್ಲ.

“ರೀ, ನಿಲ್ರಿ.”

“ಯಾರ ಮನಿಯವರಪ್ಪಾ, ಹೋಗ್ರೋ ಲಗೂನ,” ಎಂದು ಪಾನಿನವನು ನಕ್ಕ. ಅಚ್ಯುತರಾವ್ ಹೆಜ್ಜೆ ಜೋರು ಮಾಡಿದರು. ಯಾರದೋ ಪುಣ್ಯ, ಯಾರನ್ನೋ ಕರೆಯುತ್ತಿದ್ದಾರೆ, ಕೇಳಲಿಕ್ಕೆ ತಮಗೇಕೆ.

“ಅಚ್ಯುತರಾವ್.”

ಓಣಿ ಗಪ್ಪಾಯಿತು. ಹೆಂಗಸೊಬ್ಬಳು ಒಡಪಿಲ್ಲದೆ, ಪ್ರಾಸವಿಲ್ಲದೆ, ನಡುಬೀದಿಯಲ್ಲಿ, ಗಂಡನ ಹೆಸರನ್ನು ಬರಿಬಾಯಲ್ಲಿ ಕೂಗಿದ್ದು ಆ ಓಣಿಯ ಯಾರೂ ಕೇಳಿರಲಿಲ್ಲ. ಪಾನಿನವನ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ನಿಂತಿತು.

ಅಚ್ಯುತರಾವ್ ನಿಂತರು. ಮೆಲ್ಲಗೆ ತಿರುಗಿದರು. ಹತ್ತು ಮಾರು ಹಿಂದೆ ಕುಮುದಿನಿ ಬರಿಗಾಲಲ್ಲಿ ನಿಂತಿದ್ದಳು. ಅವಳೂ ಅನ್ನ ಬಿಟ್ಟು ಎದ್ದು ಬಂದಿದ್ದಳು. ಸೀರೆಗೆ ತಾಗದಂತೆ ದೂರ ಹಿಡಿದಿದ್ದ ಎಂಜಲು ಕೈಯಲ್ಲಿ ಭಾತಿನ ಅಗುಳು ಇನ್ನೂ ಅಂಟಿತ್ತು. ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದಳು.

“ಕರದರ ಕೇಳಸೂದಿಲ್ಲೇನು ನಿಮಗ,” ಎಂದಳು ಹತ್ತಿರ ಬಂದು. “ಗುಳಿಗಿ ತಗೊಂಡೀರಿ, ಉಪವಾಸ ಎಲ್ಲಿಗೆ ಹೊಂಟೀರಿ? ಮಂದಿ ನಕ್ಕರು ಅಂತ ಊಟ ಬಿಡ್ತಾರೇನು? ನಾ ಬಿಟ್ಟಿದ್ನೇನು ಅವತ್ತು?”

ಅಚ್ಯುತರಾವ್ ಅವರಿಗೆ ಈಗ ತಿಳಿಯಿತು. ಕರೆದದ್ದು ಅವಳೇ. ಎರಡು ಸಲ ಕರೆದಿದ್ದಳು. ಯಾವುದಕ್ಕಾಗಿ ಇಷ್ಟು ವರ್ಷ ಕಾದಿದ್ದರೋ ಅದು ಬಂದಾಗ, ಯಾರದೋ ಎಂದು ಬೆನ್ನು ತಿರುಗಿಸಿ ನಡೆದಿದ್ದರು.

“ಅವತ್ತು ನಂದು ತಪ್ಪಾತು,” ಎಂದರು. “ನೀ ಹೇಳಿದ್ದ ಖರೆ. ಮೂವತ್ತ.”

“ಅದೇನು ಈಗ, ಬೀದ್ಯಾಗ,” ಎಂದಳು ಅವಳು. ಕಣ್ಣು ತುಂಬಿತ್ತು. “ನಡೀರಿ ಒಳಗ.”

“ಇನ್ನೊಮ್ಮೆ ಕರಿ.”

“ಹುಚ್ಚು ಹಿಡದದೇನು? ಹೆಸರು ಇನ್ನೊಮ್ಮೆ ಹೇಳೂದಿಲ್ಲ ನಾ. ಮಂದಿ ನೋಡ್ಲಿಕತ್ತಾರ.”

“ಹೆಸರಲ್ಲ,” ಎಂದರು ಅಚ್ಯುತರಾವ್. “ಅದಕ್ಕೂ ಮೊದಲು ಕರದ್ಯಲ್ಲ. ಅದು. ನಾ ಕೇಳಿಸ್ಕೊಳ್ಳಲಿಲ್ಲ ಅದನ್ನ.”

ಕುಮುದಿನಿ ಅವರ ಮುಖವನ್ನು ನೋಡುತ್ತ ನಿಂತಳು. ಒಂದು ಒಡಪಿಗೆ ಬೇಕಾಗುವಷ್ಟು ಹೊತ್ತು ನೋಡಿದಳು. ಆಮೇಲೆ ಎಡಗೈಯಿಂದ ಅವರ ಅಂಗಿಯ ತೋಳು ಹಿಡಿದು, ಕಾರ್ಯಾಲಯದ ಕಡೆ ತಿರುಗಿಸಿ, ತುಸು ಮುಂದೆ ಬಾಗಿ, “ರೀ,” ಎಂದಳು.

ಈ ಸಲ ಓಣಿಯಲ್ಲಿ ಬೇರೆ ಯಾವ ಗಂಡಸೂ ತನ್ನನ್ನೇ ಕರೆದಳೆಂದು ತಿರುಗಲಿಲ್ಲ.